ಆಷಾಢದಲ್ಲಿ ಬಂದ ಅಮ್ಮ

೧೯೬೪ ಜುಲೈ ೬, ಸೋಮವಾರ

ದೇವರ ಮುಂದೆ ಕೂತು ದೂರು ಹೇಳಿದರೆ ಪೂಜೆ ಕೆಡುತ್ತದೆ. ಮನೆಯವರ ಮುಂದೆ ಹೇಳಿದರೆ ನಗುತ್ತಾರೆ. ಅದಕ್ಕೇ ಈ ಡೈರಿ ಹುಡುಕಿ ತೆಗೆದೆ. ಬಟ್ಟೆ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟದ್ದು, ಇಷ್ಟು ದಿನ ಮಜ್ಜಿಗೆ ಗಡಿಗೆಯ ಮೇಲೆ ಮುಚ್ಚಳವಾಗಿ ಕೂತಿತ್ತು. ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರ ಐವತ್ತು ವರ್ಷಕ್ಕೂ ಕೈಬಿಟ್ಟಿಲ್ಲ. ಮಕ್ಕಳು ಇಸ್ಕೂಲಿನಲ್ಲಿರುವ ಹೊತ್ತೋ ರಾತ್ರಿ ಮಲಗುವ ಮುಂಚೆಯೋ ಬರೆಯುತ್ತೇನೆ. ಅದು ಬಿಟ್ಟರೆ ನನ್ನದು ಅನ್ನುವ ಹೊತ್ತು ಯಾವುದೂ ಉಳಿದಿಲ್ಲ.

ನಾನು ಹೂಂ ಅಂದದ್ದು ಒಂದೇ ಒಂದು ಮಗುವಿಗೆ. ಹಿಂದಿನ ಬೀದಿಯ ಮುನಿಶಾಮಮ್ಮ ಜಾಲಹಳ್ಳಿ ಕಡೆಯ ಕಾರ್ಖಾನೆಗೆ ಸೇರಿದಾಗ ಬಂದು, "ನಾರಾಯಣಮ್ಮಕ್ಕ, ಬಸ್ಸು ಬೆಳಕರಿಯೋಕ್ ಮುಂಚೇನೆ ಬತ್ತದೆ. ಇಸ್ಕೂಲು ತೆಗೆಯೋಗಂಟ, ಬಿಟ್ಟ ಮೇಲೆ ನಾನು ಬರೋಗಂಟ, ನಮ್ಮ ಚನ್ನಕೇಶವನ್ನ ನಿಮ್ಮನೇಲಿ ಬಿಟ್ಟೋಗ್ತೀನಿ. ಒಂದು ಮೂಲೇಲಿ ಬಿದ್ದಿರ್ತಾನೆ" ಎಂದಳು. ಒಂಬತ್ತು ವರ್ಷದ ಆ ಹುಡುಗ ಇವತ್ತಿನ ತನಕ ಯಾವ ಮೂಲೆಯಲ್ಲೂ ಬಿದ್ದಿಲ್ಲ. ಬಿದ್ದರೆ ಮರದ ಮೇಲಿಂದ ಬೀಳುತ್ತಾನೆ. ಅವನ ಹಿಂದೆ ಇನ್ನೊಬ್ಬಳ ಮಕ್ಕಳು ಬಂದವು, ಅವರ ಹಿಂದೆ ಮತ್ತೊಬ್ಬಳವು. ಈಗ ಏಳು. ಯಶವಂತಪುರದಲ್ಲಿ ಹೆಂಗಸರೆಲ್ಲ ಕಾರ್ಖಾನೆಗೆ ಹೋಗುವುದಾದರೆ ಹೋಗಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಎಲ್ಲರೂ ನನ್ನ ಮನೆ ಮುಂದೆಯೇ ಬಸ್ಸು ಹತ್ತಬೇಕೇ?

ಏಳನೆಯವಳು ಮಲ್ಕಾ. ಜಟಕಾ ಸ್ಟ್ಯಾಂಡಿನ ಹಿಂದಿನ ಗಲ್ಲಿಯ ಗೌಹರಳ ಮಗಳು, ಏಳು ವರ್ಷ. ಗಂಡ ಜಟಕಾ ಹೊಡೆಯುತ್ತಿದ್ದ, ತೀರಿಹೋದ. ಗೌಹರ್ ಕಾರ್ಖಾನೆಯಲ್ಲಿ ಇನ್ನೂ ಕಲಿಯುವವಳು. ಈ ತಿಂಗಳು ಕಳೆದರೆ ಖಾಯಂ ಮಾಡುತ್ತಾರಂತೆ. ಒಂದು ದಿನ ತಪ್ಪಿದರೂ ಹೆಸರು ಹೊಡೆದು ಹಾಕುತ್ತಾರಂತೆ. ಬೇರೆ ಯಾರೂ ಇಟ್ಟುಕೊಳ್ಳಲಿಲ್ಲ ಅಂತ ನನ್ನ ಹತ್ತಿರ ಬಂದಳು. ಬೆಳಗಿನ ಹೊತ್ತಿನಲ್ಲಿ, ದೀಪ ಹಚ್ಚುವಾಗ, ಬಾಗಿಲಲ್ಲಿ ನಿಂತು ಕೇಳಿದರೆ ಇಲ್ಲ ಅನ್ನುವುದು ಹೇಗೆ?

ಆರು ಮಕ್ಕಳು ನಡುಮನೆಯಲ್ಲಿ ಕೂರುತ್ತವೆ, ಮಲ್ಕಾಗೆ ಜಗಲಿ. ಅವಳ ಗಂಜಿಗೆ ಅಲ್ಯುಮಿನಿಯಂ ಲೋಟ ಬೇರೆ, ಅದು ಜಗಲಿಯ ಗೂಡಿನಲ್ಲೇ ಇರುತ್ತದೆ. ನಮ್ಮ ಅತ್ತೆಯವರ ಕಾಲದಿಂದ ನಡೆದುಬಂದದ್ದು. ನಡುಮನೆಯಲ್ಲಿ ದೇವರ ಗೂಡಿದೆ.

ಜುಲೈ ೮, ಬುಧವಾರ

ಇವತ್ತಿನ ಪೂಜೆಯ ಸಂಭ್ರಮ ಬರೆದಿಡುತ್ತೇನೆ. ನಾನು ಗಂಟೆ ಎತ್ತಿದೆ, ಚನ್ನಕೇಶವ ಹಿಂದಿನಿಂದ ತಟ್ಟೆ ಬಾರಿಸಿದ. ಉಳಿದವು ಅವನ ಜೊತೆ ಸೇರಿದವು. ಬೆಲ್ಲದ ಚೂರು ನೈವೇದ್ಯಕ್ಕೆ ಇಟ್ಟು ಕಣ್ಣು ಮುಚ್ಚಿದೆ, ತೆಗೆದಾಗ ಬೆಲ್ಲ ಇರಲಿಲ್ಲ. ಯಾರು ತಿಂದದ್ದು ಅಂದರೆ ಆರು ಬಾಯಿಯೂ "ದೇವರು" ಎಂದವು.

ಮಲ್ಕಾ ಒಳಗೆ ಬರುವುದಿಲ್ಲ, ಆದರೆ ಹೊರಗೂ ಇರುವುದಿಲ್ಲ. ಹೊಸ್ತಿಲ ಮೇಲೆ ಒಂದು ಹೆಬ್ಬೆರಳು ಇಟ್ಟು ನಿಲ್ಲುತ್ತಾಳೆ. ತೆಗಿ ಅಂದರೆ ತೆಗೆಯುತ್ತಾಳೆ, ನಾನು ತಿರುಗಿದರೆ ಮತ್ತೆ ಇಡುತ್ತಾಳೆ. ಅಲ್ಲಿಂದಲೇ ಪ್ರಶ್ನೆ ಬೇರೆ.

"ಅಜ್ಜಿ, ದಿನಾ ಗಂಟೆ ಹೊಡೆದು ಯಾಕೆ ಎಬ್ಬಿಸ್ತೀರ? ಇಷ್ಟು ಗಲಾಟೇಲಿ ನಿಮ್ಮ ದೇವರಿಗೆ ನಿದ್ದೆ ಬರ್ತದಾ?"

ಮನೆಯವರು ಹಲ್ಲುಜ್ಜುತ್ತಾ ಇದ್ದವರು ಬಾಯಲ್ಲಿದ್ದ ನೀರನ್ನೆಲ್ಲ ಉಗುಳಿ ನಕ್ಕರು. ಇವರಿಗೇನು, ಎಂಟಕ್ಕೆ ಸ್ಟೇಷನ್ನಿನ ಗೂಡ್ಸ್ ಶೆಡ್ಡಿಗೆ ಹೋದರೆ ಮೂಟೆ ಇಳಿಸುವವರ ಮೇಸ್ತ್ರಿ. ಮೂಟೆ ಇಟ್ಟ ಕಡೆ ಇರುತ್ತದೆ.

ಜುಲೈ ೧೦, ಶುಕ್ರವಾರ

ಆಷಾಢದ ಮೊದಲ ಶುಕ್ರವಾರ. ಈ ತಿಂಗಳ ಶುಕ್ರವಾರಗಳಲ್ಲಿ ಮಾರಮ್ಮನ ಗುಡಿಗೆ ತಂಬಿಟ್ಟಿನಾರತಿ ಒಯ್ಯುವುದು ನಾನು ಮದುವೆಯಾಗಿ ಬಂದಂದಿನಿಂದ ತಪ್ಪಿಲ್ಲ. ಇವತ್ತು ತಪ್ಪಿತು. ಏಳು ಜನಕ್ಕೆ ಗಂಜಿ ಕುಡಿಸಿ, ಜಡೆ ಹಾಕಿ, ಸ್ಲೇಟು ಹುಡುಕಿ, ರೈಲ್ವೆ ಗೇಟು ದಾಟಿಸಿ ಇಸ್ಕೂಲಿಗೆ ಬಿಟ್ಟು, ಆಮೇಲೆ ತಟ್ಟೆ ಹಿಡಿದು ಓಡಿದರೆ ಪೂಜಾರಿ ಬೀಗ ಹಾಕಿ ಹೊರಟಿದ್ದ. ಬಾಗಿಲಲ್ಲೇ ದೀಪ ಇಟ್ಟು ಬಂದೆ. ಗಾಳಿಗೆ ಆರಿತು.

ಮನಸ್ಸು ರೋಸಿಹೋಗಿದೆ. ಸಾಯಂಕಾಲ ಗೌಹರ್ ಬಂದಾಗ ಹೇಳಿಯೇಬಿಟ್ಟೆ.

"ನೋಡಮ್ಮ, ತಿಂಗಳ ಕೊನೆಗಂಟ ಇಟ್ಕೊತೀನಿ, ಆಮೇಲೆ ಬೇರೆ ಕಡೆ ನೋಡ್ಕೊ. ನನ್ನ ಕೈಲಿ ಆಗಲ್ಲ."

ಅವಳು ಮಗಳ ಚೀಲ ಹೆಗಲಿಗೆ ಹಾಕಿಕೊಂಡಳು. "ತಿಂಗಳ ಕೊನೆಗಂಟ ಸಾಕು ಅಕ್ಕಾ. ಖಾಯಂ ಆಗೋಗಂಟ ನಿಮ್ಮ ಕಾಲು ಹಿಡ್ಕೊತೀನಿ. ಆಮೇಲೆ ದೇವರಿದ್ದಾನೆ."

ಹೇಳಿದ್ದು ಸರಿಯಾಯಿತು. ಎಲ್ಲಿಂದಲಾದರೂ ಶುರು ಮಾಡಬೇಕಲ್ಲ.

ಜುಲೈ ೧೫, ಬುಧವಾರ

ಮಳೆ. ಏಳೂ ಒದ್ದೆ. ಬರೆಯಲು ಕೈ ಬಿಡುವಿಲ್ಲ.

ಜುಲೈ ೧೮, ಶನಿವಾರ

ಇವತ್ತು ಅರ್ಧ ದಿನದ ಇಸ್ಕೂಲು. ಮಧ್ಯಾಹ್ನ ಮಕ್ಕಳೆಲ್ಲ ಪಕ್ಕದ ಓಣಿಯಿಂದ ಹಿತ್ತಲಿಗೆ ಹೋಗಿ ನುಗ್ಗೆ ಮರದ ಕೆಳಗೆ ಕುಂಟಾಬಿಲ್ಲೆ ಆಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಚನ್ನಕೇಶವ ಬಂದು, "ಅಜ್ಜಿ, ಮಲ್ಕಾ ಅಳ್ತಾವಳೆ, ನಾನೇನೂ ಮಾಡಿಲ್ಲ" ಎಂದ. ಅವನು ಏನೂ ಮಾಡಿಲ್ಲ ಅಂದರೆ ಏನೋ ಮಾಡಿದ್ದಾನೆ ಅಂತಲೇ ಅರ್ಥ.

ಹೋಗಿ ನೋಡಿದರೆ ಹುಡುಗಿ ಜಗಲಿ ಕಂಬಕ್ಕೆ ಒರಗಿ ಕೂತಿದೆ. ಮೈ ಕಾಯುತ್ತಿದೆ. ಕತ್ತು, ಎರಡು ತೋಳು, ಬೆನ್ನು, ಎಲ್ಲ ಕೆಂಪು ಗುಳ್ಳೆ. ಗೂಡ್ಸ್ ಶೆಡ್ ಸಾಲಿನಲ್ಲಿ ಎರಡು ಮನೆಗೆ ಅಮ್ಮ ಬಂದಿದ್ದಾಳೆ ಅಂತ ಇವರು ಮೊನ್ನೆ ಹೇಳಿದ್ದರು. ಬೇಸಿಗೆ ಕಳೆದ ಮೇಲೆ ಬರುವುದು ಕಡಿಮೆ, ಆದರೆ ಆಷಾಢ ಆಕೆಯದೇ ತಿಂಗಳು. ಮೊದಲ ಶುಕ್ರವಾರ ದೀಪ ಆರಿದ್ದು, ನಿನ್ನೆಯ ಶುಕ್ರವಾರ ಮಳೆಯಲ್ಲಿ ಗುಡಿಗೆ ಹೋಗದೇ ಇದ್ದದ್ದು, ಎಲ್ಲ ಕಣ್ಣ ಮುಂದೆ ಬಂತು.

ಅಮ್ಮ ಯಾವ ಮನೆಯಲ್ಲಿ ಕಾಣಿಸಿಕೊಂಡಳೋ ಆ ಮನೆಯಿಂದ ಆಕೆಯನ್ನು ಆಚೆ ಕಳಿಸುವಂತಿಲ್ಲ. ನೀರು ಹಾಕಿ, ಮೊಸರನ್ನ ಎಡೆ ಇಟ್ಟು, ಆಕೆ ತಾನಾಗಿ ಇಳಿಯಬೇಕು. ಜಗಲಿಯ ಮೇಲೆ, ನಾಯಿ ಹಂದಿ ಓಡಾಡುವ ಕಡೆ ಆಕೆಯನ್ನು ಮಲಗಿಸುವಂತೆಯೂ ಇಲ್ಲ. ಇದೆಲ್ಲ ನಾನು ಮಾಡಿದ ಕಟ್ಟಳೆಯಲ್ಲ. ಹುಡುಗಿಯನ್ನು ಎತ್ತಿಕೊಂಡು ಹೊಸ್ತಿಲು ದಾಟಿದೆ. ನಡುಮನೆಯಲ್ಲಿ ದೇವರ ಗೂಡಿನ ಎದುರಿಗೆ ಬೇವಿನ ಸೊಪ್ಪು ಹರಡಿ, ನನ್ನ ಮಡಿ ಸೀರೆ ಹಾಸಿ ಮಲಗಿಸಿದೆ. "ತಾಯಿ, ತಣ್ಣಗಿರಮ್ಮ" ಎಂದು ಕೈ ಮುಗಿದೆ. ಮಲ್ಕಾ ಕಣ್ಣು ಬಿಟ್ಟು ನನ್ನನ್ನು ನೋಡಿ, ಮಾಡಿನ ಹಂಚು ನೋಡಿ, ದೇವರ ಗೂಡು ನೋಡಿ ಅಳು ನಿಲ್ಲಿಸಿದಳು.

ಸಾಯಂಕಾಲ ಬಸ್ಸಿಳಿದು ಬಂದ ಗೌಹರಳನ್ನು ಜಗಲಿಯಲ್ಲೇ ತಡೆದು ಹೇಳಿದೆ. ಅವಳು ಮಗಳ ಚೀಲ ಎತ್ತಿಕೊಂಡಳು.

"ಮನೆಗೆ ಕರ್ಕೊಂಡೋಗ್ತೀನಿ ಅಕ್ಕಾ. ಕೆಲಸ ಹೋದ್ರೆ ಹೋಗ್ಲಿ."

"ಕರ್ಕೊಂಡೋಗೋ ಹಾಗಿಲ್ಲ. ಇಲ್ಲಿ ಬಂದಿರೋಳು ಇಲ್ಲೇ ಇಳೀಬೇಕು. ನೀನು ಡ್ಯೂಟಿಗೆ ಹೋಗು."

"ನಿಮಗೆ ಯಾಕೆ ಇಷ್ಟು ಕಷ್ಟ..."

"ಕಷ್ಟ ಅನ್ಬಾರ್ದು, ಆಕೆಗೆ ಕೇಳಿಸ್ತದೆ. ಕಾಲು ತೊಳ್ಕೊ, ಹೊರಗಿನ ಕಾವು ಇಳಿಯೋಗಂಟ ಕೂತಿದ್ದು ಒಳಗೆ ಬಂದು ಮಗೂನ ನೋಡು."

ಕಾಲು ತೊಳೆದು ಬಂದಳು. "ನಮ್ಮನೇಲೂ ಬೇವಿನ ಸೊಪ್ಪೇ ಇಡ್ತಾರೆ ಅಕ್ಕಾ, ನಮ್ಮತ್ತೆ ಇಡ್ತಿದ್ರು" ಎಂದಳು. ನನಗೆ ಗೊತ್ತಿರಲಿಲ್ಲ.

ಜುಲೈ ೧೯, ಭಾನುವಾರ

ಸುದ್ದಿ ಬೀದಿಗೆ ಹೇಗೆ ಹೋಯಿತೋ, ಬೆಳಿಗ್ಗೆ ಮುನಿಶಾಮಮ್ಮ ಬಂದಳು. ಜಗಲಿ ಹತ್ತಲಿಲ್ಲ, ಬೀದಿಯಲ್ಲಿ ನಿಂತು ಸೆರಗನ್ನು ಮೂಗಿಗೆ ಹಿಡಿದಳು.

"ಅಕ್ಕ, ಅವಳನ್ನ ಅವರ ಮನೆಗೆ ಕಳಿಸ್ಬಿಡಿ. ಇಲ್ಲಾಂದ್ರೆ ನಮ್ಮ ಮಕ್ಳು ಯಾವೂ ಬರಲ್ಲ. ನಾನೊಬ್ಬಳೇ ಅಲ್ಲ, ಎಲ್ಲರೂ ಇಂಗೇ ಅಂತಾವ್ರೆ."

"ಮನೆಗೆ ಬಂದ ತಾಯೀನ ದಬ್ಬು ಅಂತೀಯಾ?"

"ನಮ್ಮೋರಿಗೆ ಬಂದಿದ್ರೆ ತಾಯಿ ಅನ್ಬೋದು. ಅವರಿಗೂ ನಮ್ಮ ಮಾರಮ್ಮ ಬತ್ತಾಳಾ?"

"ಒಳಗೆ ಮಲಗವಳೆ, ನೀನೇ ಹೋಗಿ ಕೇಳು."

ಮುನಿಶಾಮಮ್ಮ ಎರಡು ಹೆಜ್ಜೆ ಹಿಂದಕ್ಕೆ ಹೋದಳು. "ಅಕ್ಕ, ನಿಮ್ಮ ಒಳ್ಳೇದಕ್ಕೆ ಏಳ್ತಿದೀನಿ. ಒಳಗೆ ಬಿಟ್ಕೊಂಡ್ರೆ ನಾಳೆ ಆಚೆ ಕಳಿಸೋದು ಎಂಗೆ ಅಂತ ಯೋಚ್ನೆ ಮಾಡಿದ್ದೀರಾ?"

ನಾನು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾ ನಿಂತೆ. ಯೋಚನೆ ಮಾಡಲು ಯಾರಿಗಾದರೂ ಬಿಡುವಿದ್ದರೆ ಮಾಡಲಿ.

ಜುಲೈ ೨೦, ಸೋಮವಾರ

ಒಂದು ಮಗುವೂ ಬರಲಿಲ್ಲ. ಚನ್ನಕೇಶವನನ್ನು ಮುನಿಶಾಮಮ್ಮ ತನ್ನ ಮುದುಕಿ ಅತ್ತೆಯ ಹತ್ತಿರ ಬಿಟ್ಟು ಹೋದಳಂತೆ. ಪೂಜೆಗೆ ಯಾರೂ ತಟ್ಟೆ ಬಾರಿಸಲಿಲ್ಲ. ಎಷ್ಟು ಬೇಗ ಮುಗಿದುಹೋಯಿತು. ಬೆಲ್ಲ ಇಟ್ಟಲ್ಲೇ ಇತ್ತು, ಇರುವೆ ಹತ್ತಿತು.

ಅಭ್ಯಾಸಬಲದಿಂದ ಗಂಜಿ ಏಳು ಜನಕ್ಕೆ ಕಾಯಿಸಿದ್ದೆ. ಉಳಿದದ್ದನ್ನು ಎಮ್ಮೆಗೆ ಹಾಕಿದೆ.

ಜುಲೈ ೨೧, ಮಂಗಳವಾರ

ಜ್ವರ ಬಿಟ್ಟಿದೆ. ಗುಳ್ಳೆ ಕೀವು ತುಂಬಲಿಲ್ಲ, ಬಣ್ಣ ಇಳಿಯುತ್ತಿದೆ. ತಾಯಿ ಕರುಣೆ ಇಟ್ಟಿದ್ದಾಳೆ. ಆದರೆ ಈ ಹುಡುಗಿ ನನ್ನ ಪ್ರಾಣ ತೆಗೆಯುತ್ತಾಳೆ.

ಅಮ್ಮ ಬಂದವರನ್ನು ಬೈಯುವಂತಿಲ್ಲ, ಗದರುವಂತಿಲ್ಲ, ಅವರು ಕೇಳಿದ್ದಕ್ಕೆ ಒರಟು ಉತ್ತರ ಕೊಡುವಂತಿಲ್ಲ. ಇದು ಅವಳಿಗೆ ಒಂದೇ ದಿನದಲ್ಲಿ ಗೊತ್ತಾಗಿಹೋಯಿತು.

"ಅಜ್ಜಿ, ಬೋಂಡ ಬೇಕು."

"ಅಮ್ಮ ಬಂದಾಗ ಮನೇಲಿ ಎಣ್ಣೆ ಕಾಯಿಸಲ್ಲ ತಾಯಿ. ಒಗ್ಗರಣೇನೂ ಹಾಕಲ್ಲ. ಆಕೆಗೆ ಆಗಲ್ಲ."

ಕತ್ತು ತುರಿಸಿಕೊಳ್ಳುತ್ತಾ, "ಅಮ್ಮಾನೇ ಬೋಂಡ ಕೇಳಿದ್ರೆ?" ಎಂದಳು.

ಹಿತ್ತಲಲ್ಲಿ ಎಮ್ಮೆ ತೊಳೆಯುತ್ತಿದ್ದ ಮನೆಯವರು, "ಏನಂತೆ, ದೇವಿಗೆ ಉತ್ತರ ಕೊಡು" ಎಂದು ಕೂಗಿದರು. ಒಗ್ಗರಣೆ ಇಲ್ಲದ ಸಾರು ಇವರಿಗೆ ಗಂಟಲಲ್ಲಿ ಇಳಿಯುತ್ತಿಲ್ಲ, ಅದರ ಸಿಟ್ಟು ಹೀಗೆ ತೀರಿಸಿಕೊಳ್ಳುತ್ತಾರೆ.

ಬೋಂಡದ ಬದಲು ಗಂಟೆ ಕೇಳಿದಳು. ಪೂಜೆಯ ಗಂಟೆ, ನಮ್ಮ ಅತ್ತೆಯವರು ತಿರುಪತಿಯಿಂದ ತಂದದ್ದು, ನನ್ನ ಮಗಳ ಕೈಗೂ ನಾನು ಕೊಟ್ಟವಳಲ್ಲ. ಕೊಟ್ಟೆ. ಏನು ಮಾಡಲಿ? ಬೆಳಗಿನಿಂದ ಮಧ್ಯಾಹ್ನದ ತನಕ ಹೊಡೆದಳು. ಚಿಕ್ಕಬಾಣಾವರದಲ್ಲಿರುವ ನನ್ನ ಮಗಳ ಮನೆಗೂ ಕೇಳಿಸಿರಬೇಕು.

ಜುಲೈ ೨೩, ಗುರುವಾರ

ಗೌಹರ್ ದಿನವೂ ಸಂಜೆ ಬರುತ್ತಾಳೆ, ಕಾಲು ತೊಳೆದು, ಕೂತಿದ್ದು, ಆಮೇಲೆ ಒಳಗೆ ಬರುತ್ತಾಳೆ. ಇವತ್ತು ಎಳನೀರು ತಂದಿದ್ದಳು. ಏನು ಕೆಲಸ ನಿನ್ನದು ಎಂದು ಕೇಳಿದೆ. ಇಷ್ಟು ದಿನ ಕೇಳಿಯೇ ಇರಲಿಲ್ಲ.

"ಕೈಗಡಿಯಾರಕ್ಕೆ ತಿರುಪು ಕೂರಿಸೋದು ಅಕ್ಕಾ. ರಾಗಿ ಕಾಳಿಗಿಂತ ಸಣ್ಣ ತಿರುಪು. ಕಣ್ಣಿಗೆ ಭೂತಗನ್ನಡಿ ಕಚ್ಚಿಸ್ಕೊಂಡು, ಚಿಮಟದಲ್ಲಿ ಹಿಡಿದು ಕೂರಿಸ್ಬೇಕು."

"ಮಗೂಗೆ ಹೀಗಿರುವಾಗ ಕೈ ನಿಲ್ತದಾ?"

"ನಿಲ್ಲಿಸ್ಬೇಕು. ಅಳು ಬಂದ್ರೂ ಅಳೋ ಹಾಗಿಲ್ಲ. ಕಣ್ಣಲ್ಲಿ ನೀರು ಬಂದ್ರೆ ತಿರುಪು ಕಾಣಲ್ಲ."

ಹೀಗೆ ಹೇಳಿ ನಕ್ಕಳು. ನಾನು ಅವಳಿಗೆ ಮಜ್ಜಿಗೆ ತಂದುಕೊಟ್ಟೆ. ಸುಮ್ಮನೆ ಕೂತಿರುತ್ತಾಳೆ, ಏನಾದರೂ ಕೊಡಬೇಕಲ್ಲ.

ಜುಲೈ ೨೪, ಶುಕ್ರವಾರ

ಅಮ್ಮ ಇರುವ ಮನೆಯವರು ಗುಡಿಗೆ ಹೋಗುವುದಿಲ್ಲ. ಗುಡಿಯವಳೇ ಮನೆಯಲ್ಲಿರುವಾಗ ಹೋಗಿ ಏನು ಮಾಡುವುದು? ತಂಬಿಟ್ಟಿನಾರತಿ ಮಾಡಿ ಮಲ್ಕಾಳ ಎದುರಿಗೆ ಎತ್ತಿದೆ. ಗಾಳಿ ಇರಲಿಲ್ಲ, ದೀಪ ನೆಟ್ಟಗೆ ಉರಿಯಿತು. ಅವಳು ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಳು.

ಭಾನುವಾರ ನೀರು ಹಾಕಿ ಮೊಸರನ್ನ ಎಡೆ ಇಡುತ್ತೇನೆ ತಾಯಿ, ತಣ್ಣಗೆ ಹೋಗಿ ಬಾ ಎಂದು ಮಾತು ಕೊಟ್ಟೆ.

ಜುಲೈ ೨೫, ಶನಿವಾರ

ಯಾರ ಮೇಲೆ ಕೋಪ ಮಾಡಿಕೊಳ್ಳಬೇಕೋ ತಿಳಿಯುತ್ತಿಲ್ಲ. ಎಲ್ಲರ ಮೇಲೂ ಮಾಡಿಕೊಂಡಿದ್ದೇನೆ.

ಬೆಳಿಗ್ಗೆ ಮನೆಯವರು ನುಗ್ಗೆ ಸೊಪ್ಪು ಕೀಳಲು ಕೊಂಬೆ ಬಗ್ಗಿಸಿದರು. ಸ್ವಲ್ಪ ಹೊತ್ತಿಗೆ ತೋಳು ತುರಿಸುತ್ತಾ ಒಳಗೆ ಬಂದರು. ತೋಳು, ಕತ್ತು, ಎಲ್ಲ ಕೆಂಪು ಗುಳ್ಳೆ. ಇವರು ಜೋಡಿಸಿದ ಕೈ ಮೇಲೆತ್ತಿ ನಡುಮನೆಯಲ್ಲಿ ನಿಂತು, "ನಂಗೂ ಅಮ್ಮ ಬಂದವಳೆ ಕಣೇ, ಸೀರೆ ಹಾಸು. ಇನ್ಮೇಲೆ ನನ್ನನ್ನೂ ತಾಯಿ ಅಂತ ಕರಿ, ಬೈಬೇಡ" ಎಂದರು.

"ಅಪಶಕುನ ಆಡ್ಬೇಡಿ."

"ಹಿತ್ತಲಿಗೆ ಹೋಗಿ ನೋಡು. ಮರದ ತುಂಬ ಕಂಬಳಿಹುಳ. ಕಾಂಡದ ಮೇಲೆ ಕರೀ ಗೋಣಿ ಹೊದಿಸಿದಂಗೆ ಕೂತವೆ."

ಹೋಗಿ ನೋಡಿದೆ. ಹಾಗೇ ಕೂತಿದ್ದವು.

ಮಲ್ಕಾ ಹಾಸಿಗೆಯ ಮೇಲೆ ಎದ್ದು ಕೂತು ಅಳಗುಳಿ ಮಣೆಯಲ್ಲಿ ಹುಣಸೆ ಬೀಜ ಆಡುತ್ತಿದ್ದಳು. ಮುಂದೆ ಕೂತೆ.

"ನಿಜ ಹೇಳು. ಹುಳ ಮುಟ್ಟಿದ್ಯಾ?"

"ಮುಟ್ಟಲಿಲ್ಲ."

"ಮತ್ತೆ?"

"ಕತ್ತಿನ ಮೇಲೆ ಬಿಟ್ಕೊಂಡೆ. ಚನ್ನಕೇಶವ ಆಗಲ್ಲ ಅಂದ. ಆಗ್ತದೆ ಅಂದೆ. ಎರಡು ಬಿಟ್ಕೊಂಡೆ."

"ಜ್ವರ?"

"ಅದು ಮೊದಲೇ ಇತ್ತು. ಮಳೇಲಿ ನೆಂದಿದ್ನಲ್ಲ."

"ಅಲ್ಲ ಕಣೇ, ಅವತ್ತೇ ಹೇಳೋಕೆ ನಿಂಗೇನಾಗಿತ್ತು? ಒಂದು ವಾರದಿಂದ ನಾನು ತಾಯಿ ತಾಯಿ ಅಂತ ಸುತ್ತ ತಿರುಗ್ತಾ ಇದೀನಿ!"

ಹುಣಸೆ ಬೀಜ ಒಂದೊಂದಾಗಿ ಗುಳಿಗೆ ಹಾಕುತ್ತಾ ಹೇಳಿದಳು. "ಹೇಳಿದ್ರೆ ಎಬ್ಬಿಸಿ ಜಗಲಿಗೆ ಕಳಿಸ್ತೀರಲ್ಲ. ಇಲ್ಲಿ ಬೆಚ್ಚಗದೆ."

ಬೈಯಲು ಬಾಯಿ ತೆರೆದೆ. ವಾರವೆಲ್ಲ ತಾಯಿ ಅಂದ ಬಾಯಿ, ಬೈಗುಳ ಬರಲಿಲ್ಲ. ಬರದೇ ಇದ್ದದ್ದಕ್ಕೂ ಕೋಪ ಬಂತು. ಎದ್ದು ಹೋಗಿ ಅವಳ ಕತ್ತಿಗೆ ಹಚ್ಚಲು ಕೊಬ್ಬರಿ ಎಣ್ಣೆ ತಂದೆ. ತುರಿಸಿ ತುರಿಸಿ ಗಾಯ ಮಾಡಿಕೊಂಡಿದ್ದಾಳೆ, ಅದಕ್ಕೇ ಇನ್ನೂ ಪೂರ್ತಿ ಹೋಗಿಲ್ಲ.

ಒಂದು ವಾರ ಒಗ್ಗರಣೆ ಇಲ್ಲದ ಸಾರು ಉಂಡದ್ದು ಎರಡು ಕಂಬಳಿಹುಳಕ್ಕೆ. ನಮ್ಮತ್ತೆಯವರ ಗಂಟೆ ಕೊಟ್ಟದ್ದು ಹುಳಕ್ಕೆ. ಅದನ್ನಾದರೂ ಸಹಿಸಬಹುದು. ನಿನ್ನೆ ಎತ್ತಿದ ಆರತಿ ಯಾರಿಗೆ ಹೋಯಿತು? ಇದನ್ನು ಇವರ ಹತ್ತಿರ ಕೇಳಬಾರದು ಅಂದುಕೊಂಡೇ ಕೇಳಿದೆ.

ಈ ಸಲ ಇವರು ನಗಲಿಲ್ಲ. ತೋಳಿಗೆ ಎಣ್ಣೆ ಸವರಿಕೊಳ್ಳುತ್ತಾ, "ಮೂಟೆ ಮೇಲಿನ ಚೀಟಿ ಹರಿದೋದ್ರೂ ನಮ್ಮ ಶೆಡ್ಡಿನ ಮೂಟೆ ಸೇರೋ ಊರಿಗೆ ಸೇರ್ತವೆ. ಆಕೆಗೆ ಮುಟ್ಟಿರ್ತದೆ ಬಿಡು" ಎಂದರು. ಆಮೇಲೆ, "ಹಂಗಾದ್ರೆ ಹುಡುಗೀನ ಇವತ್ತೇ ಅವರ ಮನೆಗೆ ಕಳಿಸ್ಬೋದಲ್ಲ" ಎಂದರು.

"ಕಳಿಸೋಕಾಗಲ್ಲ. ನಾಳೆ ನೀರು ಹಾಕ್ಬೇಕು."

"ಹುಳಕ್ಕೆ ನೀರು ಹಾಕ್ತೀಯಾ?"

"ನಾನು ಮಾತು ಕೊಟ್ಟಿರೋದು ಮಾರಮ್ಮನಿಗೆ."

ಸಾಯಂಕಾಲ ಗೌಹರಳಿಗೆ ಹೇಳಿದೆ. ಮೊದಲು ಮಗಳ ಬೆನ್ನಿಗೆ ಒಂದು ಏಟು ಹಾಕಿದಳು. ಆಮೇಲೆ ಅಲ್ಲೇ ದೇವರ ಗೂಡಿನ ಎದುರು ಕೂತು ಅತ್ತಳು. ಇಲ್ಲಿ ತಿರುಪು ಕೂರಿಸುವ ಕೆಲಸ ಇಲ್ಲವಲ್ಲ, ಅಳಲಿ ಎಂದು ಬಿಟ್ಟೆ.

ಜುಲೈ ೨೬, ಭಾನುವಾರ

ಬೇವಿನ ಸೊಪ್ಪು ಹಾಕಿ ಕಾಯಿಸಿದ ನೀರಲ್ಲಿ ತಲೆಗೆ ಹಾಕಿದೆ. ಮೊಸರನ್ನ ಎಡೆ ಇಟ್ಟು ತಾಯಿಯನ್ನು ಕಳಿಸಿಕೊಟ್ಟೆ. ಮಧ್ಯಾಹ್ನಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದೆ. ಮನೆಯವರು ಒಲೆಯ ಮುಂದೆ ನಿಂತು ಮೂಗೆಳೆದುಕೊಂಡರು.

ಊಟದ ಹೊತ್ತಿಗೆ ಮುನಿಶಾಮಮ್ಮ ಚನ್ನಕೇಶವನನ್ನು ಎಳೆದುಕೊಂಡು ಬಂದಳು. ಮುಖ ಬಿಳಿಚಿತ್ತು.

"ಅಕ್ಕ, ನಮ್ಮೋನ್ಗೂ ಬಂದವಳೆ. ನಾನು ಅವತ್ತು ಬಾಯಿಗೆ ಬಂದಂಗೆ ಅಂದ್ಬಿಟ್ಟೆ, ಆ ತಾಯಿ ಕೇಳಿಸ್ಕಂಡ್ಲು."

ಹುಡುಗನ ತೋಳು ನೋಡಿದೆ. ಒಂದು ವಾರ ಒಗ್ಗರಣೆ ಹಾಕಬೇಡ ಅಂದುಬಿಡಲೇ ಅನ್ನಿಸಿತು. ಅಮ್ಮನ ಹೆಸರಲ್ಲಿ ಸುಳ್ಳು ಹೇಳಬಾರದು.

"ಇವತ್ತು ನಮ್ಮ ಹಿತ್ತಲಿಗೆ ಬಂದಿದ್ಯೇನೋ?"

ಚನ್ನಕೇಶವ ಕಾಲಿನ ಬೆರಳು ನೋಡಿಕೊಂಡ. "ಮಲ್ಕಾ ಎರಡು ಬಿಟ್ಕೊಂಡಿದ್ಲು. ನಾನು ನಾಕು ಬಿಟ್ಕೊಂಡೆ."

ಮುನಿಶಾಮಮ್ಮನಿಗೆ ನಿಧಾನವಾಗಿ ಅರ್ಥವಾಯಿತು. ಬಿಳಿಚಿದ್ದ ಮುಖ ಮತ್ತೆ ಮೊದಲಿನಂತಾಯಿತು. "ಅಂಗಾದ್ರೆ ಆ ಹುಡುಗೀಗೂ ಹುಳಾನೇ! ನಾನು ಅವತ್ತೇ ಏಳ್ಲಿಲ್ವಾ ಅಕ್ಕ? ಒಳಗೆ ಮಲಗಿಸ್ಕಂಡ್ರಿ. ಈಗ ಏನ್ ಮಾಡ್ತೀರ? ನಾಳೆಯಿಂದ ಜಗಲಿಗೇ ತಾನೇ?"

ಒಳಗಿನಿಂದ ಹುಣಸೆ ಬೀಜದ ಸದ್ದು ನಿಂತಿತು.

"ನಾಳೆ ಬೆಳಿಗ್ಗೆ ಗಂಜಿ ಕಾಯಿಸ್ಬೇಕು" ಎಂದೆ. "ಆರು ಜನಕ್ಕೋ ಏಳು ಜನಕ್ಕೋ ನೀನೇ ಹೇಳು. ಕಳಿಸೋದಾದ್ರೆ ಕಳಿಸು, ಇಲ್ಲಾಂದ್ರೆ ನಿಮ್ಮತ್ತೆ ಹತ್ರಾನೇ ಬಿಡು. ನನ್ನ ನಡುಮನೇಲಿ ಯಾರು ಕೂರ್ತಾರೆ ಅಂತ ಕೇಳ್ಕೊಂಡು ನಿಂತ್ರೆ ನನ್ನ ಸಾರು ಸೀದೋಗ್ತದೆ."

"ಅತ್ತೆ ಹತ್ರಾನಾ?" ಎಂದಳು ಮುನಿಶಾಮಮ್ಮ. ವಾರದಲ್ಲಿ ಈ ಹುಡುಗ ಆ ಮುದುಕಿಯ ಕೋಲು ಮುರಿದಿದ್ದಾನೆ, ಎಲೆಯಡಿಕೆ ಚೀಲ ಬಾವಿಗೆ ಹಾಕಿದ್ದಾನೆ. "ಏಳು ಜನಕ್ಕೇ ಕಾಯಿಸಿ ಅಕ್ಕ."

ಸಾರು ನಿಜಕ್ಕೂ ತಳ ಹಿಡಿದಿತ್ತು.

ಜುಲೈ ೨೭, ಸೋಮವಾರ

ಏಳೂ ಬಂದವು. ತಟ್ಟೆ ಬಾರಿಸಿದವು. ಬೆಲ್ಲ ಹೋಯಿತು. ಮಲ್ಕಾ ಹೊಸ್ತಿಲ ಮೇಲೆ ಹೆಬ್ಬೆರಳು ಇಟ್ಟು ನನ್ನನ್ನೇ ನೋಡುತ್ತಾ ನಿಂತಿದ್ದಳು. "ಒಳಗೋ ಹೊರಗೋ ಒಂದು ಕಡೆ ಇರು, ಬಾಗಿಲಲ್ಲಿ ನಿಂತ್ರೆ ಬೆಳಕು ಬರಲ್ಲ" ಎಂದು ಗದರಿದೆ. ಬಂದು ಚನ್ನಕೇಶವನನ್ನು ತಳ್ಳಿ ದೇವರ ಗೂಡಿಗೆ ಹತ್ತಿರದ ಜಾಗ ಹಿಡಿದಳು.

ಇದಲ್ಲದೆ ಹೊಸ ಕಾಟ. ಅವಳ ಮೈಮೇಲೆ ಅಮ್ಮ ಬಂದಿದ್ದಳು ಅಂತ ಸಣ್ಣ ಮಕ್ಕಳಿಗೆ ಇನ್ನೂ ನಂಬಿಕೆ. ಲೆಕ್ಕದ ಪರೀಕ್ಷೆಗೆ ಹೋಗುವ ಮುಂಚೆ ಸಾಲಾಗಿ ಅವಳ ಕೈ ಮುಟ್ಟಿ ಹೋದವು. ಇವಳು ಗಂಭೀರವಾಗಿ ತಲೆ ಮೇಲೆ ಕೈ ಇಡುತ್ತಿದ್ದಳು. ಎಲ್ಲರೂ ನಪಾಸು.

ಜುಲೈ ೩೧, ಶುಕ್ರವಾರ

ಗುಡಿಗೆ ಹೋದೆ. ಮಕ್ಕಳನ್ನು ಇಸ್ಕೂಲಿಗೆ ಬಿಡುವ ದಾರಿಯಲ್ಲೇ, ಏಳನ್ನೂ ಕರೆದುಕೊಂಡು. ಇದು ಮೊದಲೇ ಯಾಕೆ ಹೊಳೆಯಲಿಲ್ಲವೋ. ಪೂಜಾರಿ, "ಏನು ನಾರಾಯಣಮ್ಮನೋರೆ, ಇದು ಸಂಸಾರವೋ ಸಂತೆಯೋ" ಎಂದ. ಆರತಿ ತಟ್ಟೆ ಮಲ್ಕಾ ಹಿಡಿದಿದ್ದಳು. ಕೈಯಲ್ಲಿ ಏನಾದರೂ ಕೊಟ್ಟರೆ ಮಾತ್ರ ಸುಮ್ಮನಿರುತ್ತಾಳೆ.

ಸಾಯಂಕಾಲ ಗೌಹರ್ ಸಕ್ಕರೆ ಪೊಟ್ಟಣ ಹಿಡಿದು ಬಂದಳು. ಖಾಯಂ ಆಯಿತಂತೆ. ಕಾಲಿಗೆ ಬಗ್ಗಿದಳು, ಎಬ್ಬಿಸಿದೆ. ಅಷ್ಟರ ಮೇಲೆ, "ಇವತ್ತಿಗೆ ತಿಂಗಳು ಮುಗೀತು ಅಕ್ಕಾ. ಹೆಬ್ಬಾಳದಲ್ಲಿ ನಮ್ಮ ಚಿಕ್ಕಮ್ಮ ಅವ್ರೆ, ಸೋಮವಾರದಿಂದ ಮಲ್ಕಾನ ಅಲ್ಲೇ ಬಿಡ್ತೀನಿ. ಇಸ್ಕೂಲೂ ಅಲ್ಲೇ ಹಾಕ್ತಾರೆ. ವಾರಕ್ಕೊಂದು ಸಲ ಹೋಗಿ ನೋಡ್ಕೊಂಡು ಬರ್ತೀನಿ" ಎಂದಳು.

"ವಾರಕ್ಕೊಂದು ಸಲಾನಾ? ಯಾಕೆ, ಇಲ್ಲಿಗೇನಾಗಿದೆ?"

"ನೀವೇ ಹೇಳಿದ್ರಲ್ಲ ಅಕ್ಕಾ. ತಿಂಗಳ ಕೊನೆಗಂಟ ಅಷ್ಟೇ ಅಂತ."

ನಾನು ಯಾವಾಗ ಹಾಗೆ ಹೇಳಿದೆ? ಹೇಳಿದ್ದರೂ ಏಳು ಮಕ್ಕಳ ಗಲಾಟೆಯಲ್ಲಿ ಬಾಯಿಗೆ ಏನೋ ಬಂದಿರುತ್ತದೆ, ಅದನ್ನು ಹಿಡಿದುಕೊಂಡು ಹೆಬ್ಬಾಳಕ್ಕೆ ಹೊರಡುವುದೇ? ಈಗಿನವರಿಗೆ ದೊಡ್ಡವರ ಮಾತು ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು ಅನ್ನುವುದೇ ಗೊತ್ತಿಲ್ಲ.

"ಸೋಮವಾರ ಬೇಗ ಕಳಿಸು" ಎಂದೆ. "ಹೋದ ವಾರ ಅವಳ ಜಡೆ ಸಿಕ್ಕು ಬಿಡಿಸೋಕೇ ಅರ್ಧ ಹೊತ್ತು ಹೋಯ್ತು. ನಿಮ್ಮ ಚಿಕ್ಕಮ್ಮನ ಕೈಲಿ ಅದೆಲ್ಲ ಆಗಲ್ಲ."

ಗೌಹರ್ ಏನೋ ಹೇಳಲು ಹೋದಳು. ಅಷ್ಟರಲ್ಲಿ ಹಿತ್ತಲಿನಿಂದ ಹೊಗೆ ಬಂತು. ಮನೆಯವರು ಕೊನೆಗೂ ಪಂಜು ಕಟ್ಟಿ ನುಗ್ಗೆ ಮರದ ಹುಳ ಸುಡುತ್ತಿದ್ದರು, ಮಕ್ಕಳೆಲ್ಲ ಸುತ್ತ ನಿಂತು ಕುಣಿಯುತ್ತಿದ್ದವು. ಹೋಗಿ ಒಬ್ಬೊಬ್ಬರನ್ನೇ ಎಳೆದು ದೂರ ನಿಲ್ಲಿಸುವುದರಲ್ಲಿ ಕತ್ತಲಾಯಿತು.

ಇವರು ಕೈ ತೊಳೆದು ಬಂದು ಅಡಿಗೆಮನೆ ಬಾಗಿಲಲ್ಲಿ ನಿಂತರು.

"ಪಂಜಿಗೆ ಸೀಮೆಎಣ್ಣೆ ಹುಯ್ಯೋಕೆ ಏನೂ ಸಿಗಲಿಲ್ಲ ಕಣೇ. ಜಗಲಿ ಗೂಡಲ್ಲಿ ಮಲ್ಕಾದು ಅಲ್ಯುಮಿನಿಯಂ ಲೋಟ ಇತ್ತಲ್ಲ, ಅದನ್ನ ತಗೊಂಡ್ಬಿಟ್ಟೆ. ಇನ್ನು ಅದು ಬಾಯಿಗಿಡೋಕೆ ಬರಲ್ಲ. ಸಂತೇಲಿ ಅಂಥದೇ ಇನ್ನೊಂದು ತರ್ಲಾ?"

ಇವರಿಗೆ ಯಾವಾಗ ಏನು ಕೇಳಬೇಕು ಅಂತ ಇಷ್ಟು ವರ್ಷವಾದರೂ ತಿಳಿಯಲಿಲ್ಲ.

"ಯಾತಕ್ಕೆ?" ಎಂದೆ. "ಇರೋ ಲೋಟ ತೊಳೆಯೋಕೇ ನನ್ನ ಕೈಲಿ ಆಗ್ತಿಲ್ಲ."